ಸೆರೆಮನೆ ವಿಚಾರಣೆಯ ಪಟ

"ಗುರುಗಳೇ, ಈ ಪಟದಲ್ಲಿ ಪಾಪಿ ಇವನೊಬ್ಬನೇ ಅಲ್ಲವೇ?" ಎಂದು ಪಂಚಾಕ್ಷರಿ ಕೇಳಿದ.

ಅವನು ಪೇಟೆಯಿಂದ ಒಂದು ಚಿತ್ರಪಟ ತಂದಿದ್ದ. ಗಾಜು ಹಾಕಿ ಕಟ್ಟು ಹಾಕಿಸಿದ ಪಟ. ಯಾವುದೋ ಕಾಲದ ಸೆರೆಮನೆ ವಿಚಾರಣೆಯ ಚಿತ್ರ ಅದು. ಮೇಜಿನ ಸುತ್ತ ದೊಡ್ಡವರು ಕೂತಿದ್ದಾರೆ. ಸಂಕೋಲೆ ಹಾಕಿದ ಕೈದಿ ಅವರ ಮುಂದೆ ಮಂಡಿಯೂರಿದ್ದಾನೆ. ಒಂದು ಪಕ್ಕದಲ್ಲಿ ಸೆರೆಮನೆಯ ಅಧಿಕಾರಿ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದಾನೆ. ಪಂಚಾಕ್ಷರಿಯ ಬೆರಳು ಆ ಅಧಿಕಾರಿಯ ಮೇಲಿತ್ತು.

"ಉಳಿದವರ ಮುಖ ನೋಡಿ, ಎಷ್ಟು ಕರುಣೆ! ಪಾಠ ನಡೆಯುವ ಜಗಲಿಯ ಗೋಡೆಗೆ ಹಾಕೋಣ ಅಂತ ತಂದೆ."

ಗುರುಗಳು ಪಟವನ್ನು ಮುಟ್ಟಲಿಲ್ಲ. "ಕರುಣೆಯಂತೆ ಕರುಣೆ! ಮೊಳೆ ಹೊಡೆಯಬೇಡ, ಕೂತುಕೋ. ಇಂಥದೇ ಇನ್ನೊಂದು ಪಟದ ಕತೆ ಹೇಳುತ್ತೇನೆ. ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಬರಲಿ" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ನೇಕಾರ. ಮಗಳ ಮದುವೆಗೆಂದು ಒಂದು ಸೀರೆ ನೇಯ್ದಿದ್ದ. ಕೊತ್ವಾಲನ ಕಣ್ಣು ಅದರ ಮೇಲೆ ಬಿತ್ತು, ಎತ್ತಿಕೊಂಡು ಹೋದ. ನೇಕಾರ ಹೋಗಿ, ಅದು ಮಗಳದು ಸ್ವಾಮಿ, ಕೊಟ್ಟುಬಿಡಿ ಎಂದು ಕೇಳಿದ. ಕೇಳಿದ್ದೇ ತಪ್ಪಾಯಿತು. ಕಳ್ಳತನ ಹೊರಿಸಿ ಅವನನ್ನು ಸೆರೆಮನೆಗೆ ತಳ್ಳಿದರು. ಅಲ್ಲಿನ ಅಧಿಕಾರಿ ಕೊತ್ವಾಲನ ಭಾವಮೈದುನ. ಬಲಗಾಲಿಗೆ ಕಬ್ಬಿಣದ ಕೋಳ ಜಡಿಸಿದ. ಆ ರಾಜ್ಯದ ಕಾನೂನಿನಲ್ಲಿ ಕೊಲೆಗಾರನಿಗೂ ಕೋಳ ಹಾಕುವಂತಿರಲಿಲ್ಲ.

ನೇಕಾರನ ಹೆಂಡತಿ ಅರಮನೆಯ ಬಾಗಿಲು ಕಾದಳು. ಅಟ್ಟಿದರು, ಮತ್ತೆ ಬಂದಳು. ಕೊನೆಗೆ ಸುದ್ದಿ ದೊರೆಯ ಕಿವಿಗೆ ಬಿತ್ತು. ದೊರೆ ಐದು ಜನ ಹಿರಿಯರನ್ನು ವಿಚಾರಣೆಗೆ ನೇಮಿಸಿ, ಅವಳು ಹೇಳುವುದು ನಿಜವಾದರೆ ಅಲ್ಲೇ ಬಿಡಿಸಿ ಎಂದು ಅಪ್ಪಣೆ ಕೊಟ್ಟ. ಕೋಳ ಒಡೆಯಲು ಒಬ್ಬ ಕಮ್ಮಾರನನ್ನೂ ಜೊತೆಗೆ ಕಳಿಸಿದ. ದೊಡ್ಡ ವಿಚಾರಣೆಗಳ ಚಿತ್ರ ಬರೆಸಿ ಇಡುವುದು ಆ ರಾಜ್ಯದ ಪದ್ಧತಿ. ಹಾಗಾಗಿ ಒಬ್ಬ ಚಿತ್ರಕಾರನೂ ಹೊರಟ.

ಹಿರಿಯರು ಒಳ್ಳೆಯವರು. ಇದನ್ನು ಮರೆಯಬೇಡ ಪಂಚಾಕ್ಷರಿ, ಒಳ್ಳೆಯವರೇ. ನೇಕಾರನ ಕಾಲು ನೋಡಿದರು. ಕೋಳ ಉಜ್ಜಿ ಉಜ್ಜಿ ಚರ್ಮ ಕಿತ್ತಿತ್ತು. ಒಬ್ಬರಂತೂ ಅಯ್ಯೋ ಶಿವನೇ ಎಂದು ಅತ್ತೇಬಿಟ್ಟರು. ಒಂದು ಗಳಿಗೆಯಲ್ಲಿ ತೀರ್ಪಾಯಿತು. ಕೊತ್ವಾಲನನ್ನೂ ಅಧಿಕಾರಿಯನ್ನೂ ಕೆಲಸದಿಂದ ತೆಗೆದರು. ನೇಕಾರ ನಿರಪರಾಧಿ ಎಂದು ಬರೆದು ಮುದ್ರೆ ಒತ್ತಿದರು. ಕಮ್ಮಾರ ಉಳಿ ಸುತ್ತಿಗೆ ಹಿಡಿದು ಮುಂದೆ ಬಂದ.

"ತಡಿ, ತಡಿ," ಎಂದ ಚಿತ್ರಕಾರ. "ಕೋಳ ಬಿಚ್ಚಿದರೆ ನಾನು ಏನನ್ನು ಬರೆಯಲಿ?"

"ಒಡೆದ ಕೋಳವನ್ನು ಆ ಕಂಬಕ್ಕೆ ತಗುಲಿಸುತ್ತೇನೆ. ನೋಡಿಕೊಂಡು ಬರಿ ಮಾರಾಯ," ಎಂದ ಕಮ್ಮಾರ.

"ಸುಳ್ಳು ಬರೆಯುವ ಕೈಯಲ್ಲ ಇದು. ಗಾಯದ ಮೇಲೆ ಕೋಳ ಹೇಗೆ ಕೂತಿದೆಯೋ ಹಾಗೇ ಬರಬೇಕು. ಮುಂದಿನವರು ನೋಡಿ ಕಣ್ಣೀರು ಹಾಕಬೇಕು."

ಹಿರಿಯರಿಗೆ ಇದು ಸರಿ ಎನಿಸಿತು. ಇಷ್ಟು ದಿನ ತಡೆದಿದ್ದಾನೆ, ಇನ್ನು ಎರಡು ದಿನ ತಡೆಯಲಿ, ಲೋಕಕ್ಕೆ ಒಳ್ಳೆಯದಾಗುತ್ತದೆ ಎಂದರು. ನೇಕಾರನನ್ನು ಕೇಳಿದರೇ? ಕೇಳಿದರು. ಅವನು ಕೈ ಮುಗಿದ. ಬಿಡಿಸಲು ಬಂದವರಿಗೆ ಆಗುವುದಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಹೇಳಿಕಳಿಸಿದಾಗ ಬಾ ಎಂದು ಕಮ್ಮಾರನನ್ನು ಮನೆಗೆ ಕಳಿಸಿದರು.

ಎರಡು ದಿನ ಎಂದದ್ದು ಎಲ್ಲಿ ಎರಡು ದಿನದಲ್ಲಿ ಮುಗಿಯುತ್ತದೆ! ಒಬ್ಬ ಹಿರಿಯರು ಅಂದು ಹಳೆಯ ರುಮಾಲು ಸುತ್ತಿಕೊಂಡು ಬಂದಿದ್ದರು. ಜರಿಪೇಟ ತರಿಸಿಕೊಂಡು ಮತ್ತೆ ಕೂತರು. ಇನ್ನೊಬ್ಬರನ್ನು ಚಿತ್ರಕಾರ ಅವರಿಗಿಂತ ಕಿರಿಯರ ಹಿಂದೆ ಬರೆದಿದ್ದನಂತೆ, ಇಡೀ ಸಾಲನ್ನೇ ಅಳಿಸಬೇಕಾಯಿತು. ಮತ್ತೊಬ್ಬರು ಮುಖ ಬರೆಯುವ ಮೊದಲೇ ತೀರ್ಥಯಾತ್ರೆಗೆ ಹೋದರು. ಹದಿನೈದು ದಿನ ಅವರಿಗಾಗಿ ಕಾದರು. ಅಂದು ಅತ್ತಿದ್ದ ಪುಣ್ಯಾತ್ಮರು, ತಾವು ಅತ್ತದ್ದು ಚಿತ್ರದಲ್ಲಿ ಕಾಣುವುದೇ ಇಲ್ಲವಲ್ಲ ಎಂದು ಬೇಸರಪಟ್ಟರು. ಥೂ! ಒಬ್ಬೊಬ್ಬರು ಬಂದು ಕೂತಾಗಲೂ ನೇಕಾರನನ್ನು ಎಳೆದು ತಂದು ಅದೇ ಜಾಗದಲ್ಲಿ ಕೂರಿಸಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗಾಯ ಕೀವಾಯಿತು, ಕಾಲು ಕಪ್ಪಾಯಿತು. ಚಿತ್ರಕಾರ ಅದಕ್ಕೆ ತಕ್ಕಂತೆ ಬಣ್ಣ ಬದಲಿಸಿಕೊಂಡ.

ಕಮ್ಮಾರ ಒಂದು ದಿನ ಕರೆಯದೆಯೇ ಬಂದ. ಬಾಗಿಲಲ್ಲಿ ತಡೆದರು. "ಒಡೆಯೋಕೆ ದೊರೆಯ ಅಪ್ಪಣೆ ಇದೆ, ತಡೆಯೋಕೆ ಯಾರ ಅಪ್ಪಣೆ?" ಎಂದು ಕೂಗಾಡಿದ. ಚಿತ್ರ ಇನ್ನೂ ಮುಗಿದಿಲ್ಲ ಎಂದು ಹೇಳಿ ಹೊರಗೆ ನೂಕಿದರು.

ಹೆಂಡತಿ ದಿನವೂ ಬರುತ್ತಿದ್ದಳು. "ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನೋ ಹಾಗಾಯ್ತಲ್ಲ ಸ್ವಾಮಿ! ಮಗ್ಗ ತುಳಿಯೋ ಕಾಲು ಅದು. ನಿಮ್ಮ ದಮ್ಮಯ್ಯ, ಇವತ್ತು ಬಿಚ್ಚಿಸಿ" ಎಂದು ಬೇಡಿದಳು.

ಹಿರಿಯರು ಮೆತ್ತಗೆ, "ಬಿಡುಗಡೆ ಆಗಿಹೋಗಿದೆಯಲ್ಲ ತಾಯಿ, ಇನ್ನೇಕೆ ಅಳು?" ಎಂದರು. ಬಿಡುಗಡೆಯ ಕಾಗದವನ್ನೂ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಸೆರೆಮನೆಯ ಅಂಗಳದಲ್ಲಿ ಕೂತಳು.

ನಲವತ್ತನೆಯ ದಿನ ಚಿತ್ರ ಮುಗಿಯಿತು. ಕಮ್ಮಾರನಿಗೆ ಹೇಳಿಕಳಿಸಿದರು. ನಾಲ್ಕು ಏಟಿಗೆ ಕೋಳ ಒಡೆಯಿತು, ಅಷ್ಟೇ ಕೆಲಸ ಅದು. ವೈದ್ಯ ಕಾಲು ನೋಡಿದ. ಪ್ರಾಣ ಉಳಿಯಬೇಕಾದರೆ ಮೊಣಕಾಲಿನ ಕೆಳಗೆ ಕಡಿಯಲೇಬೇಕು ಎಂದ. ಕಡಿದರು. ನೇಕಾರ ಬದುಕಿದ, ಆದರೆ ಮಗ್ಗಕ್ಕೆ ಮತ್ತೆ ಕೂರಲಿಲ್ಲ.

ಚಿತ್ರ ಕಲ್ಲಚ್ಚಿನಲ್ಲಿ ಮುದ್ರಣವಾಗಿ, ಕಟ್ಟು ಹಾಕಿಸಿಕೊಂಡು, ಮನೆಮನೆಯ ಗೋಡೆ ಏರಿತು. ನೋಡಿದವರೆಲ್ಲ ಅಧಿಕಾರಿಗೆ ಶಾಪ ಹಾಕಿದರು, ಹಿರಿಯರಿಗೆ ಕೈ ಮುಗಿದರು. ನೇಕಾರನಿಗೂ ಒಂದು ಪಟ ಕಳಿಸಿದರು. ಅವನ ಹೆಂಡತಿ ಹೊಸ್ತಿಲಲ್ಲೇ ಅಡ್ಡ ನಿಂತು, "ತಂದವರೇ ವಾಪಸು ಹೊತ್ತುಕೊಂಡು ಹೋಗಿ. ಆ ಕೋಳ ಈ ಮನೆಯೊಳಕ್ಕೆ ಬರಕೂಡದು" ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿ ತನ್ನ ಪಟವನ್ನು ಮಗುಚಿ ನೆಲಕ್ಕಿಟ್ಟ. ಆದರೂ ಅವನ ಮನಸ್ಸು ಪೂರ್ತಿ ಒಪ್ಪಲಿಲ್ಲ.

"ಹಾಗಂದರೂ ಕೋಳ ಹಾಕಿಸಿದವನು ಆ ಅಧಿಕಾರಿ ತಾನೇ ಗುರುಗಳೇ? ಹಿರಿಯರು ನೇಕಾರನಿಗಾಗಿ ಅತ್ತರಲ್ಲ!"

"ಆ ಕಾಲನ್ನು ಕಟ್ಟಿದವನು ಅಧಿಕಾರಿ, ಕಡಿಸಿದವರು ಅತ್ತವರು."