ಮುಚ್ಚಳರಾಯನ ಕಂಪ್ಯೂಟರಿಗೆ ಮನೆ ಕಟ್ಟಿದ್ದು

ಒಂದಾನೊಂದು ಊರಿನಲ್ಲಿ ಮುಚ್ಚಳರಾಯ ಅಂತ ಒಬ್ಬ ರಾಜನಿದ್ದ. ಅವನಿಗೆ ಯುದ್ಧದ ಹುಚ್ಚಿಲ್ಲ, ಬೇಟೆಯ ಹುಚ್ಚಿಲ್ಲ. ಬರಿಮೈಯ ವಸ್ತು ಕಂಡರೆ ಮಾತ್ರ ಆಗದು. ಕೊಡೆಗೊಂದು ಚೀಲ, ಚೀಲಕ್ಕೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಗವಸು. ಚಮಚಕ್ಕೆ ಒರೆ. ನೆಗಡಿಯಾದಾಗ ಮೂಗಿಗೂ ಒರೆ. ಹ್ಞೂಂ ಅನ್ನಿ, ಇಲ್ಲದಿದ್ದರೆ ಕತೆ ಮುಂದೆ ಹೋಗುವುದಿಲ್ಲ.

ಆ ರಾಜ್ಯದಲ್ಲಿ ಎರಡೇ ಕಾನೂನು. ಮನೆಯಿಲ್ಲದ್ದು ಯಾವುದೂ ರಾಜ್ಯದಲ್ಲಿ ಇರಕೂಡದು, ಹೊಸದಾಗಿ ಬರಲೂ ಕೂಡದು. ಒಂದಕ್ಕೆಂದು ಕಟ್ಟಿದ ಮನೆಯಲ್ಲಿ ಇನ್ನೊಂದು ಸಂಸಾರ ಹೂಡಕೂಡದು. ಚಮಚದ ಒರೆಯಲ್ಲಿ ಒಮ್ಮೆ ಸೌಟು ಸಿಕ್ಕಿತು. ಎರಡನ್ನೂ ಗಡಿ ದಾಟಿಸಿದರು.

ಒಂದು ದಿನ ರಾಜನಿಗೆ ಕಾಣಿಕೆಯಾಗಿ ಒಂದು ಕಂಪ್ಯೂಟರ್ ಬಂತು. ದಾರಿಯಲ್ಲಿ ಗಾಡಿ ಮಗುಚಿ ಅದರ ತಗಡಿನ ಕೇಸು ಅಪ್ಪಚ್ಚಿಯಾಗಿತ್ತು. ಒಳಗಿನದೆಲ್ಲ ಕ್ಷೇಮ: ಒಂದು ಮದರ್‌ಬೋರ್ಡು, ಒಂದು ಫ್ಯಾನು, ಕರುಳಿನ ಹಾಗೆ ಒಂದಿಷ್ಟು ವೈರು. ರಾಜ ಕಣ್ಣು ಮುಚ್ಚಿಕೊಂಡ.

"ಅಯ್ಯೋ, ತುಂಬಿದ ಸಭೆಗೆ ಬರಿಮೈಯಲ್ಲಿ ಬಂದಿದೆಯಲ್ಲ! ಬೋರಾಚಾರಿಯನ್ನು ಕರೆಯಿರಿ!"

ಬೋರಾಚಾರಿ ಊರಿನ ಬಡಗಿ. ಅವನ ಮಗಳು ದೇವೀರಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಚೊಚ್ಚಲ ಕೂಸಿನ ತೊಟ್ಟಿಲು ತವರಿನದೇ ಆಗಬೇಕಲ್ಲ. ಅದಕ್ಕೆಂದು ಅವನು ಅಟ್ಟದ ಮೇಲೆ ಒಂದು ಹಲಸಿನ ಹಲಗೆಯನ್ನು ಜೋಪಾನವಾಗಿ ಇಟ್ಟಿದ್ದ. ಇಡೀ ರಾಜ್ಯದಲ್ಲಿ ಉಳಿದಿದ್ದ ಹಲಗೆ ಅದೊಂದೇ. ಮಿಕ್ಕ ಮರವೆಲ್ಲ ಯಾವತ್ತೋ ಒರೆ, ಗೂಡು, ಪೆಟ್ಟಿಗೆಗಳಾಗಿ ಹೋಗಿತ್ತು.

"ಹಲಗೆ ತೆಗೆ, ಇದಕ್ಕೊಂದು ಮನೆ ಮಾಡು," ಅಂದ ರಾಜ.

"ಬುದ್ಧಿ, ಅದು ಮೊಮ್ಮಗೀನ ತೊಟ್ಲಿಗೆ ಇಟ್ಟಿರೋದು."

"ಮನೆ ಒಪ್ಪಿಗೆಯಾದರೆ ತೊಟ್ಟಿಲಿಗೆ ತೇಗದ ಮರವನ್ನೇ ಕೊಡುತ್ತೇನೆ. ಆಗದಿದ್ದರೆ ತೊಟ್ಟಿಲಿಲ್ಲ. ತೊಟ್ಟಿಲಿಲ್ಲದ ಕೂಸು ಮನೆಯಿಲ್ಲದ ಕೂಸು. ಅದು ನನ್ನ ರಾಜ್ಯದಲ್ಲಿ ಹುಟ್ಟಕೂಡದು."

ಬೋರಾಚಾರಿ ಒಲ್ಲದ ಮನಸ್ಸಿನಿಂದ ಹಲಗೆ ಇಳಿಸಿದ. ಆದರೂ ಕಸುಬು ಕಸುಬೇ. ಕಂಪ್ಯೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಳತೆ ತೆಗೆದ.

"ಹೆಂಗಿರಬೇಕಪ್ಪ ನಿನ್ನ ಮನೆ?"

"ಮದರ್‌ಬೋರ್ಡಿಗೆ ಒಂದು ಗೇಣು ಸಾಕು," ಅಂದಿತು ಕಂಪ್ಯೂಟರ್. "ಮುಂದೆ ತಣ್ಣನೆ ಗಾಳಿ ಬರಲು ಕಿಂಡಿ, ಹಿಂದೆ ಬಿಸಿ ಗಾಳಿ ಹೋಗಲು ಕಿಂಡಿ. ವೈರುಗಳಿಗೆ ಹಿತ್ತಲಲ್ಲಿ ಒಂದು ಓಣಿ. ಹೆಚ್ಚಿಗೆ ಏನೂ ಬೇಡ."

ಉಳಿ ಟಕ್ಕೆಂದಿತು, ಗರಗಸ ಗರ್ರೆಂದಿತು, ಪೆಟ್ಟಿಗೆ ಎದ್ದು ನಿಂತಿತು. ಕಂಪ್ಯೂಟರ್ ಒಳಗೆ ಕೂತು ಗುಂಯ್ ಅಂದಿತು. ಬೀಗರ ಮನೆಯಲ್ಲಿ ಉಂಡು ಮಲಗಿದವರಿಗೂ ಅಂಥ ನೆಮ್ಮದಿ ಇರುವುದಿಲ್ಲ.

ಆಗ ಆಸ್ಥಾನದ ತಿಪ್ಪಾಜೋಯಿಸರು ಕೆಮ್ಮಿದರು. "ಮನೆ ಅಂದಮೇಲೆ ಗೃಹಪ್ರವೇಶ ಆಗಬೇಕು. ಗೃಹಪ್ರವೇಶ ಅಂದಮೇಲೆ ಮೊದಲು ಹಸು ಒಳಗೆ ಹೋಗಬೇಕು."

ಹಸು ಬಂತು. ಕೊರಳಿಗೆ ಹೂವಿನ ಹಾರ, ಹಣೆಗೆ ಕುಂಕುಮ. ಗಾಳಿಯ ಕಿಂಡಿಗೆ ಮೂಗು ತೂರಿಸಿ ಒಂದು ಸಲ ಸೀನಿತು. ಅದಕ್ಕಿಂತ ಒಳಗೆ ಹೋಗಲಿಲ್ಲ.

"ಹಸು ಹೋಗಲಾರದ್ದು ಮನೆಯೇ? ಒಪ್ಪಿಗೆಯಿಲ್ಲ," ಅಂದ ರಾಜ. "ದೊಡ್ಡದು ಮಾಡು!"

"ಮರ ಎಲ್ಲೈತೆ ಬುದ್ಧಿ?"

"ಅರಮನೆಯ ಬಾಗಿಲು ಬಿಚ್ಚು!"

ಉಳಿ ಟಕ್ಕೆಂದಿತು, ಗರಗಸ ಗರ್ರೆಂದಿತು. ಪುಟ್ಟ ಪೆಟ್ಟಿಗೆಯನ್ನು ನಡುವೆ ಹಾಗೇ ಬಿಟ್ಟು, ಸುತ್ತಲೂ ಇನ್ನೊಂದು ದೊಡ್ಡ ಪೆಟ್ಟಿಗೆ ಎದ್ದಿತು. ಹಸು ಒಳಗೆ ಹೋಯಿತು. ಹೋದದ್ದು ಅಲ್ಲೇ ಕಾಲು ಮಡಚಿ ಮಲಗಿ ಮೆಲುಕು ಹಾಕತೊಡಗಿತು. ಅತಿಥಿಯನ್ನು ಎಬ್ಬಿಸುವುದು ಹೇಗೆ? ಯಾರೂ ಎಬ್ಬಿಸಲಿಲ್ಲ.

"ಇನ್ನು ಹಾಲು ಉಕ್ಕಿಸಬೇಕು," ಅಂದರು ಜೋಯಿಸರು. ಹಾಲಿಗೆ ಒಲೆ ಬೇಕು. ಒಲೆಗೆ ಅಡುಗೆಮನೆ ಬೇಕು. ಅರಮನೆಯ ಕಿಟಕಿಗಳು ಬಂದವು. ಉಳಿ ಟಕ್ಕೆಂದಿತು, ಗರಗಸ ಗರ್ರೆಂದಿತು.

"ಹಾಲು ಉಕ್ಕಿದ ಮೇಲೆ ಊಟ ಹಾಕಬೇಕು," ಅಂದರು ಜೋಯಿಸರು. ಊಟಕ್ಕೆ ಪಡಸಾಲೆ ಬೇಕು. ಅರಮನೆಯ ತೊಲೆಗಳು ಬಂದವು.

"ಉಂಡವರು ಎಲೆಅಡಿಕೆ ಹಾಕಿ ಉಗುಳಬೇಕು," ಅಂದರು ಜೋಯಿಸರು. ಉಗುಳಲು ಜಗಲಿ ಬೇಕು. ಅರಮನೆಯ ಕಂಬಗಳು ಬಂದವು.

"ನನಗೆ ಒಂದು ಗೇಣು ಸಾಕಾಗಿತ್ತಲ್ಲ," ಅನ್ನುತ್ತಲೇ ಇತ್ತು ಕಂಪ್ಯೂಟರ್. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆ ಯಾರದೋ ಅವರ ಮಾತನ್ನು ಗೃಹಪ್ರವೇಶದ ದಿನ ಯಾರು ತಾನೇ ಕೇಳುತ್ತಾರೆ?

ಇತ್ತ ದೇವೀರಿಗೆ ದಿನ ತುಂಬಿತು, ದಿನ ಮೀರಿತು. ಕೂಸು ಕಾನೂನಿಗೆ ಹೆದರುವ ಕೂಸು. ಒಳಗಿಂದಲೇ ಕೇಳಿತು: "ತಾತಾ, ತೊಟ್ಲು ಆಯ್ತಾ?"

"ಇನ್ನೂ ಇಲ್ಲ ಕಂದಾ."

"ಹಂಗಾರೆ ಇಲ್ಲೇ ಇರ್ತೀನಿ."

ದೇವೀರಿ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದಳು. "ಅಪ್ಪಯ್ಯಾ, ಇದು ಹಿಂಗೇ ಒಳಗೇ ಕುಂತು ದೊಡ್ಡದಾದ್ರೆ ನನ್ನ ಗತಿ ಏನು? ಹೊತ್ತೂ ಹೊತ್ತೂ ಸಾಕಾಗೋಯ್ತು. ಭಯ ಆಯ್ತದೆ." ಬೋರಾಚಾರಿಗೆ ಕಣ್ಣಲ್ಲಿ ನೀರು ಬಂತು. ಮಗಳ ತಲೆ ಸವರಿ, ಉಳಿ ಎತ್ತಿಕೊಂಡು ಮತ್ತೆ ಹೋದ.

ಕೊನೆಗೆ ಅರಮನೆಯಲ್ಲಿ ಬಿಚ್ಚಲು ಏನೂ ಉಳಿಯಲಿಲ್ಲ. ಕಂಪ್ಯೂಟರಿನ ಕೇಸು ಅರಮನೆಯಷ್ಟಾಯಿತು. ಅರಮನೆ ಬಯಲಾಯಿತು. ಆ ಬಯಲಿನಲ್ಲಿ, ಉರಿಬಿಸಿಲಲ್ಲಿ, ತೇಗದ ಸಿಂಹಾಸನದ ಮೇಲೆ ರಾಜ ಕೂತಿದ್ದ.

ಮನೆಯಿಲ್ಲದ್ದನ್ನು ಗಡಿ ದಾಟಿಸುವ ತಳವಾರ ಬಂದು ಕೈಮುಗಿದ. "ತಪ್ಪು ತಿಳೀಬಾರ್ದು ಬುದ್ಧಿ. ತಮಗೆ ಮನೆ ಇಲ್ಲ. ಗಡಿ ಈ ಕಡೆಗೈತೆ, ಬನ್ನಿ."

"ನಾನು ರಾಜ ಕಣೋ!"

"ಸೌಟೂ ಹಂಗೇ ಅಂತಿತ್ತು ಬುದ್ಧಿ, ನಾನು ಸೌಟು ಅಂತ."

"ಆ ದೊಡ್ಡ ಮನೆಗೆ ಹೋಗುತ್ತೇನೆ."

"ಅದು ಕಂಪ್ಯೂಟರಿನ ಮನೆ. ಒಂದರ ಮನೇಲಿ ಇನ್ನೊಂದು ಇರಕೂಡದು ಅಂತ ತಾವೇ..."

ರಾಜ ತಲೆ ಕೆರೆದುಕೊಳ್ಳಲು ಹೋದ. ಕೈಗೆ ಕಿರೀಟ ತಗುಲಿತು. "ಹಾಂ! ಇದೇ ನನ್ನ ಮನೆ! ತಲೆ ಒಳಗಿದೆ ನೋಡು!"

ತಳವಾರ ಬಗ್ಗಿ ನೋಡಿದ. "ಹಸು ಹೋಯ್ತದಾ ಬುದ್ಧಿ, ಇದರೊಳಕ್ಕೆ?"

"ಹಸು ಯಾಕೆ ಹೋಗಬೇಕು?" ರಾಜ ಕೂಗಿಕೊಂಡ. "ಒಳಗಿರುವುದಕ್ಕೆ ಸರಿಹೋದರೆ ಆಯಿತು, ಅದು ಮನೆಯೇ! ಇದು ರಾಜಾಜ್ಞೆ!"

ಬೋರಾಚಾರಿ ಉಳಿ ಕೆಳಗಿಟ್ಟ. "ಹಂಗಾದ್ರೆ ಬುದ್ಧಿ, ನನ್ನ ಹಲಸಿನ ಪೆಟ್ಟಿಗೆ?"

ರಾಜ ತಳವಾರನನ್ನು ನೋಡಿದ. ಗಡಿಯ ಕಡೆ ನೋಡಿದ. "ಅದೂ ಮನೆಯೇ. ಒಪ್ಪಿಗೆ."

"ನನಗೂ ಒಪ್ಪಿಗೆ," ಅಂದಿತು ಕಂಪ್ಯೂಟರ್. "ಈ ಪೆಟ್ಟಿಗೆಯ ಸಮೇತ ನನ್ನನ್ನು ಹೊರಗೆ ಒಯ್ಯಿರಿ. ಒಲೆಯ ಹೊಗೆಯಲ್ಲಿ ಫ್ಯಾನಿಗೆ ಉಸಿರು ಕಟ್ಟುತ್ತಿದೆ." ಒಯ್ದರು. ಬಿಟ್ಟ ದೊಡ್ಡ ಮನೆಯೊಳಗೆ ಉಳಿದದ್ದು ಹಸು ಒಂದೇ. ಹಸುವಿಗೆ ಅದು ಸರಿಹೋಗಿತ್ತು. ಹೊಸ ಆಜ್ಞೆಯಂತೆ ಅದು ಹಸುವಿನ ಮನೆಯಾಯಿತು. ಜೋಯಿಸರೂ ಆಕ್ಷೇಪ ಎತ್ತಲಿಲ್ಲ.

"ಇನ್ನು ತೊಟ್ಲಿನ ತೇಗ ಬುದ್ಧಿ," ಅಂದ ಬೋರಾಚಾರಿ.

"ಯಾವ ಮರ ಬೇಕೋ ಕಡಿದುಕೋ."

ಬೋರಾಚಾರಿ ಸುತ್ತಲೂ ನೋಡಿದ. ಒಂದು ಮರವೂ ಇರಲಿಲ್ಲ. "ಹಸುವಿನ ಮನೆ ಬಿಚ್ಚಿದ್ರೆ ಹಸು ಗಡೀಪಾರಾಗ್ತದೆ, ಪಾಪ. ಇನ್ನು ತೇಗ ಅಂತ ಉಳಿದಿರೋದು ತಾವು ಕುಂತಿರೋದು ಒಂದೇ."

ರಾಜ ಎದ್ದು ನಿಂತ.

ಉಳಿ ಟಕ್ಕೆಂದಿತು, ಗರಗಸ ಗರ್ರೆಂದಿತು. ಸಿಂಹಾಸನ ತೊಟ್ಟಿಲಾಯಿತು. ಹಗ್ಗ ಕಟ್ಟಿ ಮುಗಿಸುವುದೇ ತಡ, ಬಡಗಿಯ ಮನೆಯಿಂದ ಕೂಸಿನ ಅಳು ಕೇಳಿಸಿತು. ತಡವಾಗಿ ಹುಟ್ಟಿದ್ದರಿಂದ ಅದಕ್ಕೆ ಆಗಲೇ ಎರಡು ಹಲ್ಲು ಬಂದಿದ್ದವು. ದೇವೀರಿ ಅದನ್ನು ಎದೆಗೆ ಅವುಚಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. ತೊಟ್ಟಿಲಿನ ಪಕ್ಕ ಕಂಪ್ಯೂಟರನ್ನು ಇಟ್ಟರು. ಅದು ಗುಂಯ್ ಅಂತ ಜೋಗುಳ ಹಾಡಿತು.

ರಾಜ ಇವತ್ತಿಗೂ ನಿಂತೇ ಇದ್ದಾನೆ. ಕೂರೋಣವೆಂದರೆ ಸಿಂಹಾಸನವಿಲ್ಲ, ಕಿರೀಟ ತೆಗೆಯೋಣವೆಂದರೆ ತಳವಾರ ಪಕ್ಕದಲ್ಲೇ ಇದ್ದಾನೆ.

ಇದರ ನೀತಿ ಇಷ್ಟು: ಮನೆ ಕಟ್ಟುವವರು ಮೊದಲು ಒಳಗಿರುವವರನ್ನು ಕೇಳಬೇಕು. ಹಸುವನ್ನು ಕೇಳುವುದಿದ್ದರೆ ಹೊರಗೆ ನಿಲ್ಲಿಸಿ ಕೇಳಬೇಕು. ಕತೆಗೆ ಮುಚ್ಚಳ ಹಾಕಿದೆ. ಎದ್ದು ಹೋಗುವಾಗ ಕೂತ ಮಣೆ ಎತ್ತಿಕೊಂಡು ಹೋಗಿ, ಊರಿನಲ್ಲಿ ಇನ್ನೂ ಬಸುರಿಯರಿದ್ದಾರೆ.