ಹಸು, ಹಸುವನ್ನು

“ಮೇಷ್ಟ್ರೇ, ‘ದಿ’ ಎಂಬುದು ಇಂಗ್ಲಿಷಿನವರ ‘ಶ್ರೀ’ ಎಂದು ಚಿಕ್ಕಂದಿನಲ್ಲಿ ನಮಗೆ ಹೇಳಿಕೊಟ್ಟಿದ್ದರು. ಹಾಗಿದ್ದರೆ ಅವರು ಕಳ್ಳನಿಗೂ ‘ದಿ’ ಹಚ್ಚುವುದೇಕೆ?”

ಪಂಕಜಾಕ್ಷಿ ಹೀಗೆ ಕೇಳಿದ್ದು ಸಿದ್ಧವೀರಯ್ಯ ಮೇಷ್ಟ್ರನ್ನು. ಊರಿನ ಮೂರು ತಲೆಮಾರಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಅವರು.

ಪ್ರಶ್ನೆ ಹೊಸದಲ್ಲ. ಐದನೆಯ ತರಗತಿಯಲ್ಲಿ ಅವಳಿಗೆ ಪಾಠ ಹೇಳಿದವರ ಪ್ರಕಾರ, ಗೌರವಕ್ಕೆ ಅರ್ಹವಾದದ್ದಕ್ಕೆ ‘ದಿ’, ಉಳಿದದ್ದಕ್ಕೆಲ್ಲ ‘ಎ’. ಸೂರ್ಯನಿಗೆ ‘ದಿ’, ನಾಯಿಗೆ ‘ಎ’. ಹುಡುಗಿ ಮನೆಗೆ ಹೋಗಿ ಪಠ್ಯಪುಸ್ತಕವನ್ನು ತಿರುವಿ ನೋಡಿದಳು. ಒಂದು ಪುಟದಲ್ಲಿ ಕತ್ತೆಗೆ ‘ದಿ’ ಇತ್ತು. ಅದೇ ಪುಟದಲ್ಲಿ ರಾಜನಿಗೆ ಬರೀ ‘ಎ’. ಅಂದೇ ಆ ಮಾತಿನ ಮೇಲಿನ ನಂಬಿಕೆ ಹೋಯಿತು. ಆದರೆ ಅದರ ಜಾಗದಲ್ಲಿ ಇಟ್ಟುಕೊಳ್ಳಲು ಬೇರೆ ಮಾತು ಸಿಗಲಿಲ್ಲ. ಎಂ.ಎ. ಮುಗಿಯುವವರೆಗೂ ಅವಳು ಆರ್ಟಿಕಲ್‌ಗಳನ್ನು ಸಾರಿಗೆ ಉಪ್ಪು ಹಾಕುವಂತೆ ಕೈಯಂದಾಜಿನಲ್ಲೇ ಹಾಕಿಕೊಂಡು ಬಂದಳು. ಬಹುಮಟ್ಟಿಗೆ ಸರಿಯಾಗುತ್ತಿತ್ತು. ಏಕೆ ಸರಿ ಎಂದು ಮಾತ್ರ ಗೊತ್ತಿರಲಿಲ್ಲ.

ಈಗ ಸೋಮವಾರದಿಂದ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಅವಳೇ ಇಂಗ್ಲಿಷ್ ಕಲಿಸಬೇಕಾಗಿತ್ತು. ಮೊದಲ ಪಾಠವೇ ಆರ್ಟಿಕಲ್. ತನಗೆ ಯಾರೋ ದಾಟಿಸಿದ ಸುಳ್ಳನ್ನು ತಾನು ನಲವತ್ತು ಹುಡುಗಿಯರಿಗೆ ದಾಟಿಸುವುದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ.

“ಕಳ್ಳನಿಗೆ ಮಾತ್ರವೇನಮ್ಮ, ಅವನು ಕದ್ದ ಚೊಂಬಿಗೂ ಹಚ್ಚುತ್ತಾರೆ” ಎಂದು ಮೇಷ್ಟ್ರು ನಕ್ಕರು.

“ನಗಬೇಡಿ ಮೇಷ್ಟ್ರೇ. ನಮ್ಮ ಭಾಷೆಯಲ್ಲಿ ಇಲ್ಲದ್ದನ್ನು ಆ ಮಕ್ಕಳಿಗೆ ನಾನು ಹೇಗೆ ತಿಳಿಸಲಿ?”

“ಇಲ್ಲವೆಂದು ಯಾರು ಹೇಳಿದರು? ಒಂದು ಕತೆ ಹೇಳುತ್ತೇನೆ, ಕೇಳು. ನೀನು ಎಂಥವಳೆಂದು ಗೊತ್ತು. ನಂಬಲೇಬೇಕೆಂದೇನೂ ಇಲ್ಲ.”

ಮೇಷ್ಟ್ರು ಹೇಳಿದ ಕತೆ ಇದು.

ಒಬ್ಬ ರೈತನಿದ್ದ. ಅವನಿಗೆ ಇದ್ದದ್ದು ಒಂದೇ ಹಸು. ಒಂದು ದಿನ ಅದು ಕಾಣೆಯಾಯಿತು. ರೈತ ಹುಡುಕುತ್ತ ಮೂರು ಹಳ್ಳಿ ದಾಟಿದ. ನಾಲ್ಕನೆಯ ಹಳ್ಳಿಯ ಬಾಗಿಲಲ್ಲಿ ಒಬ್ಬ ಮುದುಕಿ ನೀರು ಸೇದುತ್ತಿದ್ದಳು. ಅವಳ ಹತ್ತಿರ ನಾಲ್ಕು ಮಾತಾಡಿ, ನೀರು ಕುಡಿದು, ಊರೊಳಗೆ ನಡೆದ. ಅಲ್ಲಿ ಒಬ್ಬ ದನದ ವ್ಯಾಪಾರಿಯ ಕೊಟ್ಟಿಗೆಯಲ್ಲಿ ಅವನ ಹಸು ಕಟ್ಟಿತ್ತು.

“ಇದು ನನ್ನದು” ಎಂದ ರೈತ.

“ಹಸು ಕೊಳ್ಳಲು ಬಂದವನು ನೀನು. ಇದು ಕಣ್ಣಿಗೆ ಬಿದ್ದೊಡನೆ ನಿನ್ನದಾಗಿಬಿಟ್ಟಿತೇನು?” ಎಂದ ವ್ಯಾಪಾರಿ.

ಇಬ್ಬರೂ ಊರ ಗೌಡನ ಮುಂದೆ ನಿಂತರು. ರೈತನ ಕಡೆ ಸಾಕ್ಷಿ ಹೇಳುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಹಸು ಸಿಗದಿದ್ದರೆ ಅವನು ಬರಿಗೈಯಲ್ಲಿ ಮನೆಗೆ ಹೋಗಬೇಕಾಗಿತ್ತು.

ಇಷ್ಟು ಹೇಳುವಷ್ಟರಲ್ಲಿ ಪಂಕಜಾಕ್ಷಿ ಬಾಯಿ ಹಾಕಿದಳು. “ಹಗ್ಗ ಬಿಚ್ಚಿ ಬಿಡುತ್ತಾರೆ, ಹಸು ಯಜಮಾನನ ಹತ್ತಿರ ಓಡಿಬಂದು ಕೈ ನೆಕ್ಕುತ್ತದೆ. ಅಷ್ಟೇ ತಾನೇ?”

“ಬಿಚ್ಚಿ ಬಿಟ್ಟರು” ಎಂದರು ಮೇಷ್ಟ್ರು. “ಹಸು ಹುಲ್ಲಿದ್ದ ಕಡೆ ಹೋಯಿತು.”

ಪಂಕಜಾಕ್ಷಿಗೆ ಈ ಕತೆಯ ಮೇಲೆ ಮೊದಲ ಬಾರಿಗೆ ವಿಶ್ವಾಸ ಹುಟ್ಟಿತು.

ಆಗ ಗೌಡ, ಊರಿಗೆ ಬಂದಾಗ ಮೊದಲು ಯಾರ ಹತ್ತಿರ ಮಾತಾಡಿದೆ ಎಂದು ರೈತನನ್ನು ಕೇಳಿ, ಬಾವಿಕಟ್ಟೆಯ ಮುದುಕಿಯನ್ನು ಕರೆಸಿದ. “ಈತ ಊರಿಗೆ ಕಾಲಿಟ್ಟಾಗ ನಿನ್ನ ಹತ್ತಿರ ಏನು ಹೇಳಿದ? ಅವನು ಆಡಿದ ಹಾಗೆಯೇ ಹೇಳು” ಎಂದ.

“‘ಅಜ್ಜಿ, ಹಸೂನ ಹುಡುಕ್ತಾ ಇದೀನಿ’ ಅಂದ ಸ್ವಾಮಿ.”

ವ್ಯಾಪಾರಿ ಕೈತಟ್ಟಿದ. “ಕೇಳಿದಿರಾ? ನಾನು ಹೇಳಿದ್ದೂ ಅದೇ. ಹಸು ಹುಡುಕುತ್ತ ಬಂದವನು!”

“ಅದೇ ಅಲ್ಲ ಕಣಪ್ಪಾ” ಎಂದಳು ಮುದುಕಿ. “ಹಸು ಹುಡುಕ್ತಾ ಇದೀನಿ ಅಂದಿದ್ರೆ ಯಾವುದಾದ್ರೂ ಆದೀತು. ನಿನ್ನ ಮನೇನೇ ತೋರಿಸ್ತಿದ್ದೆ, ಈ ಊರಲ್ಲಿ ಹಸು ಮಾರೋನು ನೀನೊಬ್ಬನೇ ತಾನೇ. ಇವನು ಹಸೂನ ಅಂದ. ಹಾಗಂದ್ರೆ ಅದೇ ಆಗಬೇಕು, ಇನ್ನೊಂದು ಆಗಲ್ಲ. ಅದಕ್ಕೇ ‘ಗುರುತೇನು ಮಗಾ?’ ಅಂದೆ. ‘ಎಡಗಿವಿ ಸೀಳಿದೆ ಅಜ್ಜಿ’ ಅಂದ. ಕೊಳ್ಳೋಕೆ ಬಂದೋನು ಇನ್ನೂ ನೋಡದ ಹಸುವಿನ ಕಿವಿ ಹೇಳ್ತಾನೇನು?”

ಗೌಡ ಎದ್ದುಹೋಗಿ ಹಸುವಿನ ಎಡಗಿವಿಯನ್ನು ನೋಡಿದ. ಹಗ್ಗವನ್ನು ರೈತನ ಕೈಗೆ ಕೊಟ್ಟ.

ಕತೆ ಮುಗಿಯಿತು. ಪಂಕಜಾಕ್ಷಿ ಅದನ್ನು ತೂಗಿ ನೋಡಿದಳು.

“ಮೇಷ್ಟ್ರೇ, ಅವನನ್ನು ಗೆಲ್ಲಿಸಿದ್ದು ಸೀಳಿದ ಕಿವಿ. ‘ಹಸೂನ’ ಎಂಬ ಮಾತಿನ ಕೊನೆಯ ಆ ‘ನ’ ಅಲ್ಲ.”

“ಆ ‘ನ’ ಕಿವಿಗೆ ಬೀಳದಿದ್ದರೆ ಮುದುಕಿ ಗುರುತನ್ನು ಕೇಳುತ್ತಲೇ ಇರಲಿಲ್ಲವಲ್ಲ.”

ಅದು ಸರಿ ಎನ್ನಿಸಿತು. ಆದರೂ ಅವಳು ಬಿಡಲಿಲ್ಲ. “ಆದರೆ ಬರೆಯುವಾಗ ನಾವು ‘ಅನ್ನು’ ಪ್ರತ್ಯಯವನ್ನು ಬೇಡದ ಕಡೆಯೂ ಹಚ್ಚುತ್ತೇವೆ.”

“ಬರೆಯುವಾಗ ಯೋಚಿಸುತ್ತೇವಮ್ಮ, ಅದಕ್ಕೇ ತಪ್ಪುತ್ತೇವೆ. ಆಡುವಾಗ ತಪ್ಪುವುದಿಲ್ಲ.”

ಪಂಕಜಾಕ್ಷಿ ಮನಸ್ಸಿನಲ್ಲೇ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಯಾವುದಾದರೂ ಆದೀತು ಎಂಬಲ್ಲಿ ಇಂಗ್ಲಿಷಿನವರು ‘ಎ’ ಎನ್ನುತ್ತಾರೆ. ಅದೇ ಆಗಬೇಕು ಎಂಬಲ್ಲಿ ‘ದಿ’. ಕತ್ತೆಗೆ ‘ದಿ’ ಸಿಕ್ಕಿದ್ದು ಅದರ ಪರಿಚಯ ಆಗಲೇ ಆಗಿತ್ತೆಂದು. ರಾಜನಿಗೆ ಸಿಗದಿದ್ದದ್ದು ಅವನು ಆಗಷ್ಟೇ ಕತೆಯೊಳಗೆ ಬಂದಿದ್ದನೆಂದು. ಇಷ್ಟು ಸರಳವಾದದ್ದು ಇಷ್ಟು ವರ್ಷ ತನಗೆ ಹೊಳೆಯಲಿಲ್ಲವಲ್ಲ, ಇದು ನಿಜವೇ ಎಂದು ಅವಳಿಗೆ ಅನುಮಾನವೇ ಬಂತು.

“ಹಾಗಾದರೆ ನಾನು ಇಷ್ಟು ದಿನ ಮಾಡಿದ್ದೇನು ಮೇಷ್ಟ್ರೇ?” ಎಂದು ಕೇಳಿದಳು.

“ಇಷ್ಟು ದಿನ ನೀನು ಆರ್ಟಿಕಲ್ ಹುಡುಕುತ್ತಿದ್ದೆ, ಇನ್ನು ಮೇಲೆ ಆರ್ಟಿಕಲ್ಲನ್ನು ಹುಡುಕು.”

ಪಂಕಜಾಕ್ಷಿ ನಮಸ್ಕರಿಸಿ ಎದ್ದುಬಂದಳು.

ಭಾನುವಾರ ಅವಳು ಒಂದು ಹಾಳೆಯಲ್ಲಿ ಎರಡು ವಾಕ್ಯಗಳನ್ನು ಬರೆದುಕೊಂಡಳು. ‘ಒಬ್ಬ ಹಸು ಹುಡುಕ್ತಿದಾನೆ.’ ‘ಇನ್ನೊಬ್ಬ ಹಸೂನ ಹುಡುಕ್ತಿದಾನೆ.’ ಮನೆಯಲ್ಲೂ ಬೀದಿಯಲ್ಲೂ ಕೈಗೆ ಸಿಕ್ಕ ಹನ್ನೊಂದು ಜನಕ್ಕೆ ಅವನ್ನು ಓದಿ ಹೇಳಿ, ಇಬ್ಬರಲ್ಲಿ ಹಸುವನ್ನು ಕಳೆದುಕೊಂಡವನು ಯಾರೆಂದು ಕೇಳಿದಳು. ಕತೆಯನ್ನು ಯಾರಿಗೂ ಹೇಳಲಿಲ್ಲ. ಹತ್ತು ಜನ ಎರಡನೆಯವನೆಂದರು, ಒಬ್ಬರೂ ಯೋಚಿಸಲಿಲ್ಲ. ಹನ್ನೊಂದನೆಯವರು ಅವಳ ಸೋದರತ್ತೆ, ಓದುಬರಹ ಬಾರದವರು. ಅವರು ಅವರೆಕಾಯಿ ಬಿಡಿಸುತ್ತ, ತಲೆಯೆತ್ತದೆ, “ಇನ್ನೊಬ್ಬನೇ ಕಣೇ, ಅದನ್ನೇನು ಕೇಳ್ತೀಯ. ಪಾಪ, ಆ ಹಸು ಸಿಕ್ತಾ?” ಎಂದರು.

ಪಂಕಜಾಕ್ಷಿ ಅತ್ತೆಯ ಮಾತನ್ನು ಇದ್ದಂತೆಯೇ ಬರೆದುಕೊಂಡಳು. ಅದೇ ಹಸು ಎಂದು ತೋರಿಸುವ ‘ಆ’ ಎಂಬುದರ ಕೆಳಗೆ ಒಂದು ಗೆರೆ ಎಳೆದಳು. ಹನ್ನೊಂದಕ್ಕೆ ಹನ್ನೊಂದೂ ಸರಿಯಾಗಿತ್ತು.