ಮೀನುಮರಿ ಸಾಗಿಸುವವನ ತಣ್ಣನೆಯ ಗಾಡಿ

"ಬುದ್ಧೀ, ಮನಸ್ಸಿನ ಬಿಸಿಯನ್ನು ಬೇರುಸಹಿತ ಕಿತ್ತುಹಾಕುವುದು ಹೇಗೆ?" ಎಂದು ಶಿಷ್ಯ ನಿಜಗುಣ ಗುರುಗಳನ್ನು ಕೇಳಿದ.

ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಮಠದ ಹಿಂದಿನ ಕೊಠಡಿಯಲ್ಲಿ ಅವನು ಊರಿನ ಹೆಂಗಸರಿಗೆ ಓದುಬರಹ ಕಲಿಸುತ್ತಿದ್ದ. ಒಂದು ಸಂಜೆ, ಎಷ್ಟು ತಿದ್ದಿದರೂ ಅದೇ ಅಕ್ಷರವನ್ನು ತಪ್ಪಾಗಿ ಬರೆದ ವಯಸ್ಸಾದ ಹೆಂಗಸಿನ ಮೇಲೆ ರೇಗಿದ. ಆಕೆ ಎಲ್ಲರ ಮುಂದೆ ಅತ್ತಳು. ಅವನಿಗೆ ತುಂಬ ನಾಚಿಕೆಯಾಯಿತು. ಮರುದಿನವೇ ತರಗತಿ ನಿಲ್ಲಿಸಿ ಕೊಠಡಿಗೆ ಬೀಗ ಹಾಕಿದ. ಅಂದಿನಿಂದ ನಲವತ್ತು ದಿನ ಅವನಿಗೆ ಒಮ್ಮೆಯೂ ಸಿಟ್ಟು ಬಂದಿರಲಿಲ್ಲ. ಹಾಗೆಂದು ಗುರುಗಳಿಗೆ ಹೇಳುವಾಗ ಅವನ ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. ಇನ್ನುಳಿದ ಚೂರುಪಾರು ಬಿಸಿಯೂ ಆರಿಬಿಟ್ಟರೆ ತನ್ನ ಕೆಲಸ ಮುಗಿಯಿತು ಎಂದ.

ಗುರುಗಳಾದ ಮುರುಘಯ್ಯನವರು ಕಾವಿ ಉಡುವ ಮೊದಲು ಹನ್ನೆರಡು ವರ್ಷ ಇದೇ ಮಠದ ಜೀಪು ಓಡಿಸಿದವರು. ಬಿಸಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು. "ಅದಕ್ಕೆ ನನ್ನ ಹತ್ತಿರ ಒಂದು ಕತೆ ಇದೆ! ಹತ್ತಿರ ಬಾ, ಇನ್ನೂ ಹತ್ತಿರ ಬಾ" ಎಂದು ಮಣೆಯ ಅಂಚಿಗೆ ಸರಿದು ಕೂತು ಹೇಳತೊಡಗಿದರು.

ಒಬ್ಬ ಡ್ರೈವರ್ ಇದ್ದ. ಅವನ ಹತ್ತಿರ ಇಪ್ಪತ್ತು ವರ್ಷ ಹಳೆಯ ಪೆಟ್ರೋಲ್ ವ್ಯಾನು ಇತ್ತು. ಅಣೆಕಟ್ಟೆಯ ಕೆಳಗಿನ ಮೀನುಮರಿ ಕೇಂದ್ರದಿಂದ ಬೆಟ್ಟದಾಚೆಯ ಕೆರೆಗಳಿಗೆ ಮರಿ ಸಾಗಿಸುವುದು ಅವನ ಕಸುಬು. ಆ ಮರಿಗಳು ಎಷ್ಟು ಸಣ್ಣವು ಗೊತ್ತೇನು? ಒಂದು ಪ್ಲಾಸ್ಟಿಕ್ ಚೀಲಕ್ಕೆ ಸ್ವಲ್ಪ ನೀರು, ಅದರಲ್ಲಿ ಸಾವಿರ ಮರಿ, ಮೇಲೆ ಆಕ್ಸಿಜನ್ ತುಂಬಿ ಬಾಯಿ ಬಿಗಿಯಾಗಿ ಕಟ್ಟುತ್ತಾರೆ. ಆ ಗಾಳಿ ಎಂಟು ಗಂಟೆಗೆ ಸಾಕು. ದಾರಿ ಆರು ಗಂಟೆಯದು. ಎಂಟು ಗಂಟೆ ದಾಟಿದರೆ ಒಂದು ಮರಿಯೂ ಉಳಿಯುವುದಿಲ್ಲ.

ಡ್ರೈವರ್ ಬಲು ಉತ್ಸಾಹಿ. ದಾರಿಯಲ್ಲಿ ಯಾರೂ ಅಡ್ಡ ಬರಬಾರದೆಂದು ಒಂದು ಅಗಲವಾದ ಹಲಗೆಯ ಮೇಲೆ 'ಜೀವ ಸಾಗುತ್ತಿದೆ, ದಾರಿ ಬಿಡಿ' ಎಂದು ಕೆಂಪಕ್ಷರದಲ್ಲಿ ಬರೆಸಿದ. ಅದನ್ನು ತಂದು ವ್ಯಾನಿನ ಮುಂದುಗಡೆ, ಸರಿಯಾಗಿ ಜಾಲರಿಯ ಮೇಲೆ ಹಗ್ಗದಿಂದ ಕಟ್ಟಿದ. ಮೊದಲ ಸಲವೇ ಬೆಟ್ಟದ ಅರ್ಧದಲ್ಲಿ ಇಂಜಿನ್ ಕುದಿಯಿತು. ಉಗಿ ಬುಸ್ಸೆಂದಿತು. ಅದು ತಣಿಯುವವರೆಗೆ ಕಾದು, ನೀರು ಹುಡುಕಿ ತಂದು ತುಂಬಿ, ಮತ್ತೆ ಹೊರಡುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಕೆರೆಯ ದಂಡೆಯಲ್ಲಿ ಚೀಲ ಬಿಚ್ಚಿದರೆ ಒಂದು ಮರಿಯೂ ಅಲುಗಲಿಲ್ಲ.

ಅವನು ಅಲ್ಲೇ ಕೂತು ಅತ್ತ. ಸತ್ತ ಮರಿಗಳ ಎದುರು ಆ ಬರಹವನ್ನು ನೋಡಲಾರದೆ ಹಲಗೆ ಕಿತ್ತು ಬಿಸಾಡಿದ. ಕೇಂದ್ರದ ಯಜಮಾನ, "ಇನ್ನೊಂದು ಸಲ ಹೀಗಾದರೆ ನಿನ್ನ ಗಾಡಿಗೆ ಮರಿ ಹಾಕುವುದಿಲ್ಲ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಸ್ಟ್ಯಾಂಡಿನಲ್ಲಿ ಗೆಳೆಯರೆಲ್ಲ ಸೇರಿ ಪಂಚಾಯಿತಿ ಮಾಡಿದರು. ಥರ್ಮೋಸ್ಟಾಟ್ ವಾಲ್ವನ್ನು ತೆಗೆದುಹಾಕು ಎಂದರು. ಅದು ಇಂಜಿನ್ನಿನ ಬಾಯಲ್ಲಿರುವ ಒಂದು ಪುಟ್ಟ ಬಾಗಿಲು. ಇಂಜಿನ್ ಸಾಕಷ್ಟು ಬಿಸಿಯಾಗುವವರೆಗೆ ನೀರನ್ನು ತಣಿಯಲು ರೇಡಿಯೇಟರಿಗೆ ಬಿಡದೆ ತಡೆಯುತ್ತದೆ. ಬಾಗಿಲೇ ಇಲ್ಲದಿದ್ದರೆ ನೀರು ಸದಾ ತಣ್ಣಗಿರುತ್ತದೆ, ಆಗ ಕುದಿಯುವ ಮಾತೇ ಇಲ್ಲ ಎಂಬುದು ಅವರ ಲೆಕ್ಕಾಚಾರ. ನಮ್ಮ ಕಡೆ ಎಷ್ಟು ಡ್ರೈವರುಗಳು ಹೀಗೆ ಮಾಡಿಲ್ಲ! ನಾನೂ ಮಾಡಿದ್ದೇನೆ, ಮುಚ್ಚುಮರೆ ಯಾಕೆ? ಆದರೆ ನನ್ನದು ಕಾರ್ಬ್ಯುರೇಟರಿನ ಜೀಪು, ಹೇಗೋ ಸಹಿಸಿಕೊಂಡಿತು. ಅವನದು ಹಳೆಯದಾದರೂ ಪೆಟ್ರೋಲನ್ನು ತಾನೇ ಅಳೆದು ಚಿಮ್ಮಿಸುವ ಇಂಜೆಕ್ಷನ್ ಗಾಡಿ.

ಡ್ರೈವರ್ ಅಂದೇ ವಾಲ್ವ್ ಕಿತ್ತ. ಮುಂದಿನ ಸಲ ಬೆಟ್ಟ ಹತ್ತಿದಾಗ ಬಿಸಿ ತೋರಿಸುವ ಮುಳ್ಳು ತಳದಿಂದ ಮೇಲೇಳಲೇ ಇಲ್ಲ. ಅವನು ಕುಣಿದಾಡಿದ! ಸಿಕ್ಕಸಿಕ್ಕವರನ್ನು ಕರೆದು ವ್ಯಾನಿನಲ್ಲಿ ಕೂರಿಸಿ ಮಲಗಿದ ಮುಳ್ಳನ್ನು ತೋರಿಸಿದ. ಅಷ್ಟರಲ್ಲಿ ಪೆಟ್ರೋಲ್ ಬೇಗ ಬೇಗ ಖಾಲಿಯಾಗತೊಡಗಿತು. ಹೊಗೆ ಕಪ್ಪಾಯಿತು. ಏರಿನಲ್ಲಿ ಗಾಡಿ ಮುಗ್ಗರಿಸತೊಡಗಿತು. ಬಂಕಿನವನು ಕಲಬೆರಕೆ ಮಾಡುತ್ತಾನೆ ಎಂದು ಇವನು ಬೈದುಕೊಂಡ. ಮುಳ್ಳು ಮಲಗಿದೆಯಲ್ಲ, ತನ್ನ ಗಾಡಿಗೆ ಇನ್ನೇನು ರೋಗ ಬರಲು ಸಾಧ್ಯ ಎಂದುಕೊಂಡ.

ಒಂದು ದಿನ ಬೆಳಗ್ಗೆ ಆರು ಗಂಟೆಗೆ ಮೂವತ್ತು ಚೀಲ ಮರಿ ಹೇರಿಕೊಂಡು ಹೊರಟ. ಬೆಟ್ಟದ ನೆತ್ತಿಗೆ ಇನ್ನು ಕೆಲವೇ ತಿರುವು ಇರುವಾಗ ವ್ಯಾನು ಕೆಮ್ಮಿತು, ಜಗ್ಗಿತು, ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದ. ದಟ್ಟ ಹೊಗೆ ಉಗುಳಿ ಮತ್ತೆ ನಿಂತಿತು. ಹೀಗೆ ನಿಂತು ನಿಂತು, ದಾರಿಹೋಕರಿಂದ ತಳ್ಳಿಸಿಕೊಂಡು, ನೆತ್ತಿಯ ಮೇಲಿನ ಗ್ಯಾರೇಜು ಮುಟ್ಟುವಾಗ ಹನ್ನೆರಡೂವರೆ. ಕೆರೆಗೆ ಇನ್ನೂ ಒಂದು ಗಂಟೆಯ ದಾರಿ ಇತ್ತು. ಎರಡು ಗಂಟೆಗೆ ಚೀಲದ ಗಾಳಿ ಮುಗಿಯುತ್ತದೆ. ಹಿಂದಿನ ಬಾಗಿಲು ತೆಗೆದು ನೋಡಿದರೆ ಮರಿಗಳು ಆಗಲೇ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು.

ಗ್ಯಾರೇಜಿನ ಮೆಕ್ಯಾನಿಕ್ ಹೊರಗೆ ಬಂದು ಹೊಗೆ ನೋಡಿದ.

"ಏನಣ್ಣ, ಬೆಟ್ಟ ಹತ್ತೋಕೆ ಬಂದ್ಯಾ, ಸೊಳ್ಳೆ ಓಡಿಸೋಕೆ ಬಂದ್ಯಾ?"

"ತಮಾಷೆ ಬೇಡಣ್ಣ, ನಿನ್ನ ದಮ್ಮಯ್ಯ! ಒಳಗೆ ಮರಿಗಳು ಸಾಯ್ತಾ ಇದಾವೆ."

ಮೆಕ್ಯಾನಿಕ್ ಬಾನೆಟ್ ಎತ್ತಿ ಇಂಜಿನ್ ಮೇಲೆ ಕೈಯಿಟ್ಟ. ಅಷ್ಟು ದೊಡ್ಡ ಬೆಟ್ಟ ಹತ್ತಿ ಬಂದ ಇಂಜಿನ್ ಬರೀ ಉಗುರುಬೆಚ್ಚಗಿತ್ತು. ಕಿಡಿ ಹಾರಿಸುವ ಪ್ಲಗ್ ಬಿಚ್ಚಿದ. ಕರ್ರಗೆ ಮಸಿ ಹಿಡಿದು ಪೆಟ್ರೋಲಿನಲ್ಲಿ ನೆಂದಿತ್ತು. ವಾಲ್ವ್ ಇರಬೇಕಾದ ಜಾಗ ಖಾಲಿ. ಆಮೇಲೆ ಮುಂದುಗಡೆ ಬಂದು ಜಾಲರಿಯ ಮೇಲಿನ ಹಗ್ಗದ ಗೀರುಗಳನ್ನು ಬೆರಳಿನಿಂದ ಸವರಿ, ಇಲ್ಲಿ ಏನು ಕಟ್ಟಿದ್ದೆ, ಯಾವಾಗ ತೆಗೆದೆ ಎಂದು ಕೇಳಿದ. ಹಲಗೆ ಕಟ್ಟಿದ್ದೆ, ಇಂಜಿನ್ ಕುದಿದ ದಿನವೇ ತೆಗೆದೆ, ಅದರ ಬೆನ್ನಲ್ಲೇ ವಾಲ್ವನ್ನೂ ತೆಗೆದೆ ಎಂದ ಡ್ರೈವರ್.

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. "ರೇಡಿಯೇಟರಿಗೆ ಹೋಗೋ ಗಾಳಿ ತಡೆದಿದ್ದು ಹಲಗೆ, ನೀನು ಶಿಕ್ಷೆ ಕೊಟ್ಟಿದ್ದು ವಾಲ್ವಿಗೆ!"

ಒಳಗಿನಿಂದ ಎರಡು ವಾಲ್ವ್ ತಂದು ಬಾನೆಟ್ ಅಂಚಿನಲ್ಲಿಟ್ಟ. ನೋಡಲು ಎರಡೂ ಒಂದೇ. ಒಂದರ ಮೇಲೆ ಎಪ್ಪತ್ತೊಂದು ಎಂದು ಕೊರೆದಿತ್ತು, ಇನ್ನೊಂದರ ಮೇಲೆ ಎಂಬತ್ತೆಂಟು. ಅಷ್ಟು ಡಿಗ್ರಿ ಬಿಸಿಯಾದಾಗ ಅವು ಬಾಯಿ ತೆರೆಯುತ್ತವೆ. ನಮ್ಮ ಡ್ರೈವರ್ ಥಟ್ಟನೆ ಎಪ್ಪತ್ತೊಂದಕ್ಕೆ ಕೈಹಾಕಿದ! ಅಷ್ಟಾದರೂ ತಣ್ಣಗಿರಲಿ ಎಂದು ಅವನ ಆಸೆ. ಮೆಕ್ಯಾನಿಕ್ ಅವನ ಕೈ ಹಿಡಿದುಕೊಂಡ.

"ನಿನ್ನ ಗಾಡೀಲಿ ಪೆಟ್ರೋಲ್ ಅಳೆದು ಕೊಡೋ ಒಂದು ಪೆಟ್ಟಿಗೆ ಇದೆ. ಅದು ನೀರಿನ ಬಿಸಿ ನೋಡ್ಕೊಂಡು ಅಳೆಯುತ್ತೆ. ನೀರು ತಣ್ಣಗಿದ್ರೆ ಗಾಡಿ ಈಗತಾನೇ ಎದ್ದಿದೆ ಅಂದ್ಕೊಂಡು ಜಾಸ್ತಿ ಸುರಿಯುತ್ತೆ. ನೀನು ನೂರು ಮೈಲಿ ಓಡಿಸಿದ್ರೂ ಅದರ ಪಾಲಿಗೆ ಇನ್ನೂ ಬೆಳಗ್ಗೇನೇ. ಈ ಗಾಡಿ ಮಾಡಿದವರು ಬರೆದಿರೋದು ಎಂಬತ್ತೆಂಟು. ನಿನ್ನ ಹೆದರಿಕೆಗೆ ನಂಬರ್ ಬದಲಾಯಿಸೋಕೆ ಆಗಲ್ಲ."

ಪ್ಲಗ್ ತಿಕ್ಕಿ, ಎಂಬತ್ತೆಂಟನ್ನು ಕೂರಿಸಿ, ನೀರು ತುಂಬಿ ಬಾನೆಟ್ ಮುಚ್ಚುವಾಗ ಹನ್ನೆರಡು ಐವತ್ತು. ಡ್ರೈವರ್ ಹೊರಟ. ಮೊದಲ ತಿರುವಿನಲ್ಲೇ ಮುಳ್ಳು ತಳ ಬಿಟ್ಟಿತು. ಎಷ್ಟೋ ದಿನದ ಮೇಲೆ ಅದು ಎದ್ದಿತ್ತು! ಕಾಲು ಭಾಗ ದಾಟಿತು. ಬ್ರೇಕಿನ ಮೇಲೆ ಕಾಲಿಟ್ಟ, ತೆಗೆದ, ಮತ್ತೆ ಇಟ್ಟ. ನಿಲ್ಲಿಸಿದರೆ ಮರಿಗಳು ಖಂಡಿತ ಸಾಯುತ್ತವೆ. ಕುದಿದರೂ ಸಾಯುತ್ತವೆ. ಮುಳ್ಳು ಅರ್ಧಕ್ಕೆ ಬಂತು. ಅವನು ಉಸಿರು ಬಿಗಿಹಿಡಿದ.

ಮುಳ್ಳು ಅಲ್ಲೇ ನಿಂತಿತು! ಬಾಗಿಲು ತೆರೆದಿತ್ತು, ನೀರು ರೇಡಿಯೇಟರಿಗೆ ಹರಿದಿತ್ತು. ಹೊಗೆ ತಿಳಿಯಾಯಿತು, ಮುಗ್ಗರಿಕೆ ನಿಂತಿತು. ಒತ್ತಿದರೆ ಸಾಕು, ಗಾಡಿ ಗಂಟಲು ಬಿಚ್ಚಿ ಓಡಿತು. ಇಷ್ಟು ಹುರುಪಿನ ಗಾಡಿಯನ್ನು ತಾನೇ ಇಷ್ಟು ದಿನ ಕಾಯಿಲೆ ಮಲಗಿಸಿದ್ದೆನಲ್ಲ ಎಂದು ಅವನಿಗೆ ನಗುವೂ ಬಂತು, ಅಳುವೂ ಬಂತು.

ಗುರುಗಳು ಇಲ್ಲಿಗೆ ನಿಲ್ಲಿಸಿ ಉಸಿರು ತೆಗೆದುಕೊಂಡರು. ಕತೆ ಹೇಳುತ್ತ ಅವರೇ ಬೆವರಿದ್ದರು. ನಿಜಗುಣ ಮಂಡಿಯ ಮೇಲೆ ಎದ್ದು ಕೂತಿದ್ದ.

"ಬುದ್ಧೀ, ಮರಿಗಳು? ಮರಿಗಳು ಬದುಕಿದವೇ?" ಎಂದು ಜೋರಾಗಿ ಕೇಳಿದ.

"ಬದುಕದೆ! ಎರಡಕ್ಕೆ ಇನ್ನು ಹತ್ತು ನಿಮಿಷ ಇರುವಾಗ ಚೀಲಗಳನ್ನು ಕೆರೆಯ ನೀರಿನಲ್ಲಿ ತೇಲಿಬಿಟ್ಟು ಬಾಯಿ ಬಿಚ್ಚಿದ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ನೋಡು, ಮೂವತ್ತು ಸಾವಿರ ಮರಿ ಚಕಚಕನೆ ನೀರೆಲ್ಲ ಹರಡಿಕೊಂಡವು! ಅವನು ಬಟ್ಟೆ ಸಮೇತ ಕೆರೆಗೆ ಇಳಿದು ಸೊಂಟದವರೆಗಿನ ನೀರಿನಲ್ಲಿ ನಿಂತು ಕೂಗಾಡಿದನಂತೆ."

ನಿಜಗುಣ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದ. ಅವನ ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ಗುರುಗಳು ಅವನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ನೀನು ತಣ್ಣಗಾಗಿ ನಲವತ್ತು ದಿನ ಆಯಿತಲ್ಲ ನಿಜಗುಣ, ಅಷ್ಟು ದಿನದಲ್ಲಿ ಎಷ್ಟು ಹೆಂಗಸರು ತಮ್ಮ ಹೆಸರು ಬರೆಯಲು ಕಲಿತರು?"